ಮನೆವಾರ್ತೆ: ಪ್ರಯಾಣದ ಪೆಟ್ಟಿಗೆಯಲ್ಲಿ ಮಂಜುಗಡ್ಡೆಯನ್ನು ಕಾಯುವ ಬಗೆ



ಕಲಬುರಗಿ ಸೀಮೆಯ ಗೃಹಿಣಿಯೊಬ್ಬರು ಕಳೆದ ತಿಂಗಳು ಈ ಪುಟಕ್ಕೆ ದೀರ್ಘವಾದ ಪತ್ರವೊಂದನ್ನು ಬರೆದಿದ್ದಾರೆ. ಅವರ ಅತ್ತೆಯವರಿಗೆ ಬಹುಕಾಲದಿಂದ ಮಧುಮೇಹವುಂಟು; ದಿನಕ್ಕೆರಡು ಹೊತ್ತು ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಕಳೆದ ವೈಶಾಖದಲ್ಲಿ ಮನೆಮಂದಿಯೆಲ್ಲರೂ ಬಾಡಿಗೆಯ ವಾಹನವನ್ನು ಮಾಡಿಕೊಂಡು ಧರ್ಮಸ್ಥಳ ಸುಬ್ರಹ್ಮಣ್ಯಗಳ ಯಾತ್ರೆಗೆ ಹೊರಟಾಗ, ಔಷಧದ ಸೀಸೆಗಳನ್ನೂ ಮಗುವಿನ ಹಾಲನ್ನೂ ಮಜ್ಜಿಗೆಯನ್ನೂ ಥರ್ಮಾಕೋಲಿನ ಪೆಟ್ಟಿಗೆಯೊಂದರಲ್ಲಿ ಮಂಜುಗಡ್ಡೆಯೊಡನೆ ಇಟ್ಟಿದ್ದರಂತೆ. ಹೊಸಪೇಟೆಯನ್ನು ದಾಟುವಷ್ಟರಲ್ಲಿ ಗಡ್ಡೆಯೆಲ್ಲವೂ ಕರಗಿ ನೀರಾಗಿತ್ತು, ಹಾಲು ಒಡೆದಿತ್ತು. ಹಿಂದಿರುಗುವಾಗ ಹಾಗಾಗಬಾರದೆಂದು, ತಂಗಿದ್ದ ಮನೆಯ ಫ್ರೀಜರಿನಿಂದ ಆಗತಾನೆ ತೆಗೆದ ಗಡ್ಡೆಗಳ ನಡುವೆ ಔಷಧದ ಸೀಸೆಯನ್ನು ಹುದುಗಿಸಿಟ್ಟರು. ಈ ಬಾರಿ ಔಷಧವೇ ಹೆಪ್ಪುಗಟ್ಟಿ ಕೆಟ್ಟುಹೋಯಿತು. ನಡುದಾರಿಯಲ್ಲಿ ಔಷಧದಂಗಡಿಯನ್ನು ಹುಡುಕುತ್ತ, ಆ ವೃದ್ಧೆಯು ಒಂದು ಹೊತ್ತಿನ ಚುಚ್ಚುಮದ್ದಿಲ್ಲದೆಯೇ ಕಳೆಯಬೇಕಾಯಿತೆಂದು ಬರೆಯುವಾಗ ಆ ತಾಯಿಯ ಕೈ ನಡುಗಿರಬೇಕು. ಅಕ್ಷರಗಳೇ ಅದನ್ನು ಹೇಳುತ್ತವೆ.

ಪತ್ರದ ಕೊನೆಯಲ್ಲಿ ಒಂದು ಪ್ರಶ್ನೆಯಿದೆ. ಪೆಟ್ಟಿಗೆಯ ಮೇಲೆ ಕಂಬಳಿಯನ್ನು ಹೊದಿಸೋಣವೆಂದು ತಾವು ಹೇಳಿದಾಗ ಅವರ ಯಜಮಾನರು, ಕಂಬಳಿ ಹೊದಿಸಿದರೆ ಬೆಚ್ಚಗಾಗಿ ಇನ್ನೂ ಬೇಗನೆ ಕರಗೀತೆಂದು ತಡೆದರಂತೆ. ಇವರಿಬ್ಬರಲ್ಲಿ ಯಾರ ಮಾತು ಸರಿ?

ಯಜಮಾನರು ಮನ್ನಿಸಬೇಕು, ಗೃಹಿಣಿಯ ಮಾತೇ ಸರಿ. ಆದರೆ ಅವರ ಸಂದೇಹವು ನಗತಕ್ಕದ್ದಲ್ಲ. ಅದು ನಮ್ಮೆಲ್ಲರ ಅನುಭವದಿಂದ ಹುಟ್ಟಿದುದು. ನಮ್ಮ ಶಾಸ್ತ್ರಕಾರರಿಗೂ ಅಂಥ ತಿಳಿವಳಿಕೆಯೇ ಇತ್ತು. ತರ್ಕಸಂಗ್ರಹವನ್ನು ಓದಿದವರಿಗೆ ನೆನಪಿರಬಹುದು. ಅನ್ನಂಭಟ್ಟನು ಸ್ಪರ್ಶವನ್ನು ಶೀತ, ಉಷ್ಣ, ಅನುಷ್ಣಾಶೀತ ಎಂದು ಮೂರು ಬಗೆಯಾಗಿ ವಿಂಗಡಿಸಿ, ಶೀತವನ್ನು ನೀರಿಗೂ ಉಷ್ಣವನ್ನು ತೇಜಸ್ಸಿಗೂ ಹೇಳಿದ್ದಾನೆ. ಆ ಮತದಲ್ಲಿ ಶೈತ್ಯವೆಂಬುದು ಉಷ್ಣದಂತೆಯೇ ತನ್ನಷ್ಟಕ್ಕೆ ತಾನಿರುವ ಒಂದು ಗುಣ. ಹಾಗೆಂದುಕೊಂಡರೆ, ಮಂಜುಗಡ್ಡೆಯಲ್ಲಿರುವ ಶೈತ್ಯವು ಪೆಟ್ಟಿಗೆಯ ಸಂದುಗಳಿಂದ ಹೊರಕ್ಕೆ ಸೋರಿಹೋಗುತ್ತದೆಂದೂ ಕಂಬಳಿಯು ತನ್ನ ಬೆಚ್ಚನೆಯ ಗುಣವನ್ನು ಅದಕ್ಕೆ ಕೊಡುತ್ತದೆಂದೂ ಊಹಿಸುವುದು ಸಹಜವೇ. ಈಗಿನ ಭೌತವಿಜ್ಞಾನವು ಇದನ್ನು ಒಪ್ಪುವುದಿಲ್ಲ. ಅದರ ಮತದಲ್ಲಿ ಚಲಿಸತಕ್ಕದ್ದು ಉಷ್ಣವೊಂದೇ. ಅದು ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ ಹರಿಯುತ್ತದೆ. ಶೈತ್ಯವೆಂಬುದು ಉಷ್ಣದ ಕೊರತೆಯಷ್ಟೇ ಹೊರತು ಬೇರೊಂದು ಪದಾರ್ಥವಲ್ಲ. ಪೆಟ್ಟಿಗೆಯಿಂದ ಏನೂ ಹೊರಕ್ಕೆ ಹೋಗುತ್ತಿಲ್ಲ. ಹೊರಗಿನ ಬಿಸಿಯು ಒಳಕ್ಕೆ ನುಗ್ಗುತ್ತಿದೆ. ಇದನ್ನು ಮನಸ್ಸಿನಲ್ಲಿ ಗಟ್ಟಿಮಾಡಿಕೊಂಡರೆ ಮುಂದೆ ಹೇಳುವುದೆಲ್ಲವೂ ತಾನಾಗಿಯೇ ಹೊಳೆಯುವುದು.

ಹಾಗಾದರೆ ಕಂಬಳಿಯ ಕೆಲಸವೇನು? ಕಂಬಳಿಯು ಸ್ವತಃ ಬೆಚ್ಚಗಿರುವ ವಸ್ತುವಲ್ಲ. ಮಾಗಿಯಲ್ಲಿ ನಾವು ಹೊದ್ದುಕೊಂಡಾಗ ಬೆಚ್ಚಗಾಗುವುದೇಕೆಂದರೆ, ಒಲೆಯಂತೆ ಉಷ್ಣವನ್ನು ಹುಟ್ಟಿಸುತ್ತಿರುವ ದೇಹ ನಮ್ಮದು. ಉಣ್ಣೆಯ ಎಳೆಗಳ ನಡುವೆ ಸಿಕ್ಕಿ ನಿಂತ ಗಾಳಿಯು ಆ ಉಷ್ಣವನ್ನು ಹೊರಕ್ಕೆ ಬಿಡದೆ ತಡೆಯುತ್ತದೆ. ಅದೇ ಕಂಬಳಿಯೊಳಗೆ ಮಂಜುಗಡ್ಡೆಯನ್ನು ಇಟ್ಟರೆ ಅದು ಹೊರಗಿನ ಉಷ್ಣವನ್ನು ಒಳಕ್ಕೆ ಬಿಡದೆ ತಡೆಯುತ್ತದೆ. ಕಾವಲುಗಾರನು ಬಾಗಿಲಲ್ಲಿ ನಿಂತಿದ್ದರೆ ಹೋಗುವವರಿಗೂ ತಡೆ, ಬರುವವರಿಗೂ ತಡೆ. ನಾನು ಪಾಠ ಹೇಳುತ್ತಿದ್ದ ಶಾಲೆಯಲ್ಲಿ ವಿಜ್ಞಾನದ ಉಪಾಧ್ಯಾಯರು ಪ್ರತಿ ಬೇಸಗೆಯಲ್ಲಿಯೂ ಒಂದೇ ತೂಕದ ಎರಡು ತುಂಡು ಮಂಜುಗಡ್ಡೆಗಳನ್ನು ತರಿಸಿ, ಒಂದನ್ನು ಉಕ್ಕಿನ ತಟ್ಟೆಯಲ್ಲಿ ತೆರೆದಿಟ್ಟು, ಇನ್ನೊಂದನ್ನು ಒಣ ಕಂಬಳಿಯಲ್ಲಿ ಸುತ್ತಿಟ್ಟು, ಯಾವುದು ಮೊದಲು ಕರಗುವುದೆಂದು ಹುಡುಗರನ್ನು ಕೇಳುತ್ತಿದ್ದರು. ತರಗತಿಯ ಮುಕ್ಕಾಲು ಪಾಲು ಮಕ್ಕಳು ಕಂಬಳಿಯದೇ ಎಂದು ಕೈಯೆತ್ತುತ್ತಿದ್ದರು. ಗಂಟೆಯ ಕೊನೆಗೆ ತಟ್ಟೆಯಲ್ಲಿ ನೀರು, ಕಂಬಳಿಯಲ್ಲಿ ಗಡ್ಡೆ! ಪಕ್ಕದ ಕೊಠಡಿಯಲ್ಲಿ ಶಬ್ದಮಂಜರಿಯನ್ನು ಒಪ್ಪಿಸಿಕೊಳ್ಳುತ್ತಿದ್ದ ನನಗೆ ಆ ಗದ್ದಲವು ಗೋಡೆಯಾಚೆಗೂ ಕೇಳಿಸುತ್ತಿತ್ತು.

ಇದು ಹೊಸದಾಗಿ ಕಂಡುಕೊಂಡ ಉಪಾಯವೂ ಅಲ್ಲ. ಯಂತ್ರಗಳಿಲ್ಲದ ಕಾಲದಲ್ಲಿ ಪ್ರಯಾಗದ ಸುತ್ತಮುತ್ತ ಚಳಿಗಾಲದ ರಾತ್ರಿಗಳಲ್ಲಿ ಮಂಜುಗಡ್ಡೆಯನ್ನು ಮಾಡುತ್ತಿದ್ದ ಕ್ರಮವನ್ನು ರಾಬರ್ಟ್ ಬಾರ್ಕರ್ ಎಂಬ ಆಂಗ್ಲ ಸೇನಾಧಿಕಾರಿಯು 1775ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ವಿವರಿಸಿದ್ದಾನೆ. ಬಯಲಿನಲ್ಲಿ ಆಳವಿಲ್ಲದ ಹಳ್ಳಗಳನ್ನು ತೋಡಿ, ಕಬ್ಬಿನ ಸೋಗೆಯನ್ನೋ ಜೋಳದ ದಂಟನ್ನೋ ಹಾಸಿ, ಅದರ ಮೇಲೆ ತೆಳುವಾದ ಮಣ್ಣಿನ ಬೋಗುಣಿಗಳಲ್ಲಿ ನೀರನ್ನಿಟ್ಟರೆ, ನಿರ್ಮಲವಾದ ರಾತ್ರಿಯಲ್ಲಿ ಆ ನೀರು ತನ್ನ ಉಷ್ಣವನ್ನು ಬರಿಯ ಆಕಾಶಕ್ಕೆ ಬಿಟ್ಟುಕೊಟ್ಟು ಹೆಪ್ಪುಗಟ್ಟುತ್ತಿತ್ತು. ಸೂರ್ಯೋದಯಕ್ಕೆ ಮುಂಚೆಯೇ ಅದನ್ನು ಸಂಗ್ರಹಿಸಿ ಆಳವಾದ ಗುಂಡಿಗೆ ಹಾಕಿ ಬಡಿದು ಒಂದೇ ರಾಶಿಯಾಗುವಂತೆ ಮಾಡಿ ಬೇಸಗೆಗಾಗಿ ಕಾಪಾಡುತ್ತಿದ್ದರು. ಆ ಗುಂಡಿಗೆ ಒಳಗಡೆ ಮೊದಲು ಹುಲ್ಲಿನ ಹೊದಿಕೆ, ಅದರ ಮೇಲೆ ಒರಟು ಕಂಬಳಿಯ ಹೊದಿಕೆ! ನಮ್ಮ ಪತ್ರದ ಗೃಹಿಣಿಗೆ ಇದಕ್ಕಿಂತ ಹಳೆಯ ಸಾಕ್ಷಿ ಬೇಕಿಲ್ಲ.

ಇದಕ್ಕಿಂತಲೂ ವಿಸ್ಮಯಕರವಾದುದು ಅಮೆರಿಕದ ಮಂಜುಗಡ್ಡೆಯ ವ್ಯಾಪಾರ. ಬಾಸ್ಟನ್ ನಗರದ ಫ್ರೆಡರಿಕ್ ಟ್ಯೂಡರ್ ಎಂಬ ವರ್ತಕನು ಅಲ್ಲಿಯ ಕೆರೆಗಳು ಚಳಿಗಾಲದಲ್ಲಿ ಹೆಪ್ಪುಗಟ್ಟಿದಾಗ ಗಡ್ಡೆಗಳನ್ನು ಕೊಯ್ದು ಹಡಗಿನಲ್ಲಿ ದೂರದೇಶಗಳಿಗೆ ಕಳುಹಿಸುತ್ತಿದ್ದನು. 1833ರ ಮೇ ತಿಂಗಳಿನಲ್ಲಿ ‘ಟಸ್ಕನಿ’ ಎಂಬ ಹಡಗು 180 ಟನ್ ಮಂಜುಗಡ್ಡೆಯನ್ನು ಹೊತ್ತು ಹೊರಟು, ಎರಡು ಸಲ ಭೂಮಧ್ಯರೇಖೆಯನ್ನು ದಾಟಿ, ನಾಲ್ಕು ತಿಂಗಳ ಮೇಲೆ ಕಲಕತ್ತೆಯನ್ನು ಮುಟ್ಟಿದಾಗ ಅದರಲ್ಲಿ ಸುಮಾರು 100 ಟನ್ ಇನ್ನೂ ಗಡ್ಡೆಯಾಗಿಯೇ ಉಳಿದಿತ್ತು. ಮದರಾಸಿನಲ್ಲಿ 1842ರಲ್ಲಿ ಅದಕ್ಕಾಗಿ ಕಟ್ಟಿದ ‘ಐಸ್ ಹೌಸ್’ ಇಂದಿಗೂ ಕಡಲ ತೀರದಲ್ಲಿ ನಿಂತಿದೆ. ವ್ಯಾಪಾರವು ನಿಂತುಹೋದ ಬಹುಕಾಲದ ಮೇಲೆ, 1897ರಲ್ಲಿ, ಸ್ವಾಮಿ ವಿವೇಕಾನಂದರು ಅಮೆರಿಕದಿಂದ ಹಿಂದಿರುಗಿ ಅಲ್ಲಿಯೇ ತಂಗಿದ್ದುದರಿಂದ ಅದಕ್ಕೆ ಈಗ ಅವರ ಹೆಸರೇ ಇದೆ. ಈ ವ್ಯಾಪಾರದಲ್ಲಿ ಗಡ್ಡೆಗಳಿಗೆ ಹೊದಿಕೆಯಾಗಿದ್ದವು ಮರದ ಹಲಗೆ, ಒಣಹುಲ್ಲು, ಗರಗಸದ ಹೊಟ್ಟು ಮೊದಲಾದ ಬಡ ವಸ್ತುಗಳೇ.

ಹಡಗಿನ ಗಡ್ಡೆ ನಾಲ್ಕು ತಿಂಗಳು ಬಾಳಿತು, ನಮ್ಮದು ಹೊಸಪೇಟೆಯವರೆಗೂ ಬಾಳಲಿಲ್ಲವೇಕೆ? ಮುಖ್ಯ ಕಾರಣವು ಗಾತ್ರ. ಉಷ್ಣವು ತಾಕುವುದು ಗಡ್ಡೆಯ ಮೈಗೆ. ಹತ್ತು ಸೆಂಟಿಮೀಟರು ಉದ್ದ ಅಗಲ ಎತ್ತರಗಳುಳ್ಳ ಒಂದು ಗಡ್ಡೆಗೆ 600 ಚದರ ಸೆಂಟಿಮೀಟರು ಮೈಯಿರುತ್ತದೆ. ಅದನ್ನೇ ಒಂದೊಂದು ಸೆಂಟಿಮೀಟರಿನ ತುಂಡುಗಳಾಗಿ ಒಡೆದರೆ ಸಾವಿರ ತುಂಡುಗಳಾಗಿ ಮೈಯೆಲ್ಲ ಸೇರಿ 6000 ಚದರ ಸೆಂಟಿಮೀಟರು ಆಗುತ್ತದೆ. ತೂಕವು ಅಷ್ಟೇ, ಬಿಸಿಗೆ ಒಡ್ಡಿದ ಮೈ ಮಾತ್ರ ಹತ್ತರಷ್ಟು. ಆದ ಕಾರಣ ದೂರ ಹೋಗಬೇಕಾದ ಮಂಜುಗಡ್ಡೆಯನ್ನು ಒಡೆಯಬಾರದು. ಚಿಕ್ಕ ಚಿಕ್ಕ ಅಚ್ಚುಗಳಲ್ಲಿ ಮಾಡಿದ ತುಂಡುಗಳು ಪಾನಕಕ್ಕೆ ಸರಿ, ಪ್ರಯಾಣಕ್ಕೆ ಸಲ್ಲವು. ಒಂದು ಲೀಟರಿನ, ಎರಡು ಲೀಟರಿನ ಪ್ಲಾಸ್ಟಿಕ್ ಸೀಸೆಗಳಲ್ಲಿ ಕುಡಿಯುವ ನೀರನ್ನು ತುಂಬಿ ಹೆಪ್ಪುಗಟ್ಟಿಸಿದರೆ ಗಡ್ಡೆಯೂ ದೊಡ್ಡದು, ಕರಗಿದ ಮೇಲೆ ನೀರೂ ಕುಡಿಯಲು ಬರುವುದು, ಪೆಟ್ಟಿಗೆಯೂ ತೊಯ್ಯುವುದಿಲ್ಲ. ನೀರು ಹೆಪ್ಪುಗಟ್ಟುವಾಗ ಹನ್ನೊಂದರಲ್ಲಿ ಒಂದು ಪಾಲಿನಷ್ಟು ಹಿಗ್ಗುವುದರಿಂದ ಸೀಸೆಯ ಕುತ್ತಿಗೆಯವರೆಗೆ ತುಂಬದೆ ಸ್ವಲ್ಪ ಬಿಡತಕ್ಕದ್ದು. ಗಾಜಿನ ಸೀಸೆಯನ್ನಂತೂ ಇಡಲೇಬಾರದು, ಒಡೆಯುತ್ತದೆ.

ಸೀಸೆಗಳನ್ನು ಫ್ರೀಜರಿನಲ್ಲಿ ಪೂರ್ತಿಯಾಗಿ ಒಂದು ಹಗಲು ಒಂದು ರಾತ್ರಿಯಾದರೂ ಬಿಡಬೇಕು. ಹೊರಗಡೆ ಬೆಳ್ಳಗೆ ಕಂಡು ಒಳಗೆ ನೀರಾಗಿಯೇ ಇರುವ ಸೀಸೆಯನ್ನು ಹೊತ್ತುಕೊಂಡು ಹೋಗುವವರು ಅನೇಕರು.

ಇಲ್ಲಿ ಸ್ವಲ್ಪ ಲೆಕ್ಕವನ್ನು ಹೇಳಬೇಕಾಗಿದೆ, ಬೇಸರಪಡಬಾರದು. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿಮಾಡಲು ಬೇಕಾದ ಉಷ್ಣಕ್ಕೆ ಒಂದು ಕ್ಯಾಲೊರಿಯೆಂದು ಹೆಸರು. ಆದರೆ ಸೊನ್ನೆ ಡಿಗ್ರಿಯ ಒಂದು ಗ್ರಾಂ ಮಂಜುಗಡ್ಡೆಯು ಸೊನ್ನೆ ಡಿಗ್ರಿಯ ನೀರಾಗಬೇಕಾದರೆ, ಬಿಸಿಯು ಕೊಂಚವೂ ಏರದಿದ್ದರೂ, 80 ಕ್ಯಾಲೊರಿಗಳನ್ನು ನುಂಗುತ್ತದೆ. ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಎಂಬ ಪಂಡಿತನು 1760ರ ಆಸುಪಾಸಿನಲ್ಲಿ ಕಂಡುಹಿಡಿದ ಈ ಉಷ್ಣಕ್ಕೆ ಗುಪ್ತೋಷ್ಣವೆನ್ನುತ್ತಾರೆ. ಮಂಜುಗಡ್ಡೆಯ ಹಿರಿಮೆಯೆಲ್ಲವೂ ಇದರಲ್ಲಿದೆ. ತಣ್ಣೀರಿನ ಸೀಸೆಗೂ ಮಂಜುಗಡ್ಡೆಯ ಸೀಸೆಗೂ ಮುಟ್ಟಿದಾಗ ಅಷ್ಟಾಗಿ ಭೇದವಿಲ್ಲ. ಬಿಸಿಯನ್ನು ನುಂಗುವ ಶಕ್ತಿಯಲ್ಲಿ ಮಾತ್ರ ಅಜಗಜಾಂತರ. ಮುಕ್ತಾವಳಿಯಲ್ಲಿ ವಿಶ್ವನಾಥ ಪಂಚಾನನನು, ಹಿಮವೂ ಆಲಿಕಲ್ಲೂ ಗಟ್ಟಿಯಾಗಿರುವುದರಿಂದ ಅವನ್ನು ಪೃಥಿವಿಯೆಂದೇಕೆ ಹೇಳಬಾರದೆಂಬ ಪೂರ್ವಪಕ್ಷವನ್ನೆತ್ತಿ, ಶಾಖದಿಂದ ಕರಗಿ ನೀರಾಗುವುದು ಪ್ರತ್ಯಕ್ಷವಾಗಿರುವುದರಿಂದ ಅವು ನೀರೇ ಎಂದು ಸಿದ್ಧಾಂತಮಾಡುತ್ತಾನೆ. ಎಷ್ಟು ಶಾಖದಿಂದ ಕರಗುವುದೆಂದು ಅಳೆಯುವ ಕುತೂಹಲವು ಆತನಿಗೂ ಹುಟ್ಟಿದ್ದರೆ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ. ಇರಲಿ, ಪ್ರಕೃತಕ್ಕೆ ಬರೋಣ.

ನಲವತ್ತು ಸೆಂಟಿಮೀಟರು ಉದ್ದ, ಇಪ್ಪತ್ತೈದು ಅಗಲ, ಇಪ್ಪತ್ತೈದು ಎತ್ತರವಿದ್ದು, ಗೋಡೆಯು ಎರಡೂವರೆ ಸೆಂಟಿಮೀಟರು ದಪ್ಪವಿರುವ ಥರ್ಮಾಕೋಲಿನ ಪೆಟ್ಟಿಗೆಯನ್ನು ತೆಗೆದುಕೊಳ್ಳಿ. ಹೊರಗಿನ ಬಿಸಿ 30 ಡಿಗ್ರಿಯಿದ್ದರೆ ಅದರ ಗೋಡೆಗಳ ಮೂಲಕ ಒಳಬರುವ ಉಷ್ಣವು ಗಂಟೆಗೆ ಹೆಚ್ಚುಕಡಿಮೆ ಕಾಲು ಕಿಲೋಗ್ರಾಂ ಮಂಜುಗಡ್ಡೆಯನ್ನು ಕರಗಿಸುವಷ್ಟಿರುತ್ತದೆ. ಐದು ಕಿಲೋಗ್ರಾಂ ಇಟ್ಟರೆ ಇಪ್ಪತ್ತು ಗಂಟೆಗಳವರೆಗೆ ನೆಮ್ಮದಿ. ಗೋಡೆಯ ದಪ್ಪವನ್ನು ಇಮ್ಮಡಿಮಾಡಿದರೆ ಕಾಲವೂ ಇಮ್ಮಡಿಯ ಹತ್ತಿರಕ್ಕೆ ಹೋಗುತ್ತದೆ. ಹೊರಗಿನ ಬಿಸಿ 40 ಡಿಗ್ರಿಯಾದರೆ, ರಾಯಚೂರು ಕಲಬುರಗಿಗಳ ವೈಶಾಖದಲ್ಲಿ ಅದೇನೂ ವಿಶೇಷವಲ್ಲ, ಅದೇ ಐದು ಕಿಲೋಗ್ರಾಂ ಹದಿನೈದು ಗಂಟೆಗಳಿಗೇ ಮುಗಿಯುತ್ತದೆ. ತೆಳುವಾದ ಪೆಟ್ಟಿಗೆಯ ಮೇಲೆ ಒಣಗಿದ ದಪ್ಪ ಕಂಬಳಿಯನ್ನು ಎರಡು ಮಡಿಕೆ ಸುತ್ತುವುದೆಂದರೆ ಗೋಡೆಯನ್ನು ದಪ್ಪಮಾಡಿದಂತೆಯೇ ಆಯಿತು. ಯಜಮಾನರು ಇನ್ನಾದರೂ ಒಪ್ಪಬಹುದಷ್ಟೆ.

ಹೀಗಿರಲಾಗಿ, ಆ ಯಾತ್ರೆಯಲ್ಲಿ ಐದಾರು ಗಂಟೆಗಳಲ್ಲಿಯೇ ಎಲ್ಲವೂ ಕರಗಿದುದೇಕೆ? ಪತ್ರದ ನಡುವೆ ಒಂದು ವಾಕ್ಯವಿದೆ: ಹಾಲನ್ನು ಕಾಯಿಸಿ ಸ್ವಲ್ಪ ಆರಿದೊಡನೆ ಪೆಟ್ಟಿಗೆಗೆ ಇಟ್ಟರಂತೆ, ನೀರಿನ ಸೀಸೆಗಳನ್ನೂ ಮಜ್ಜಿಗೆಯನ್ನೂ ಹಾಗೆಯೇ ಇಟ್ಟರಂತೆ. ಕಳ್ಳನು ಸಿಕ್ಕಿದನು. 30 ಡಿಗ್ರಿಯ ಎರಡು ಲೀಟರು ನೀರನ್ನು ಸೊನ್ನೆಯ ಹತ್ತಿರಕ್ಕೆ ತರಬೇಕಾದರೆ ಮುಕ್ಕಾಲು ಕಿಲೋಗ್ರಾಂ ಮಂಜುಗಡ್ಡೆಯು ಕರಗಲೇಬೇಕು. ಉಗುರುಬೆಚ್ಚಗಿನ ಹಾಲಾದರೆ ಇನ್ನೂ ಹೆಚ್ಚು. ಪ್ರಯಾಣವು ಮೊದಲಾಗುವುದಕ್ಕೆ ಮುಂಚೆಯೇ ಪೆಟ್ಟಿಗೆಯ ಆಯುಸ್ಸಿನಲ್ಲಿ ಮೂರು ನಾಲ್ಕು ಗಂಟೆಗಳು ಕಳೆದುಹೋದವು. ಪೆಟ್ಟಿಗೆಯನ್ನು ಬಿಸಿಲಿನ ಮಹಡಿಯ ಮೇಲಿಂದ ಆಗತಾನೆ ಇಳಿಸಿ ತಂದಿದ್ದರೆ ಅದರ ಗೋಡೆಗಳನ್ನು ತಣಿಸುವುದಕ್ಕೂ ಇನ್ನಷ್ಟು ಖರ್ಚು.

ಆದುದರಿಂದ ಮಂಜುಗಡ್ಡೆಯ ಕೆಲಸವು ತಣ್ಣಗಿರುವುದನ್ನು ತಣ್ಣಗೆ ಇರಿಸುವುದಷ್ಟೇ ಆಗಿರಬೇಕು. ಬೆಚ್ಚಗಿರುವುದನ್ನು ತಣ್ಣಗೆ ಮಾಡುವ ಕೆಲಸವನ್ನು ಮನೆಯ ಫ್ರಿಜ್ಜಿಗೆ ಬಿಡಬೇಕು. ಒಳಗೆ ಹೋಗುವ ಹಾಲು, ಮೊಸರು, ಹಣ್ಣು, ನೀರು ಎಲ್ಲವೂ ಹಿಂದಿನ ರಾತ್ರಿಯೇ ಫ್ರಿಜ್ಜಿನಲ್ಲಿ ತಣಿದಿರಬೇಕು. ಪೆಟ್ಟಿಗೆಯೊಳಗೂ ಹಿಂದಿನ ರಾತ್ರಿಯೇ ಬೇಡವಾದ ಒಂದೆರಡು ಸೀಸೆ ಗಡ್ಡೆಯನ್ನಿಟ್ಟು ಮುಚ್ಚಿ, ಬೆಳಗ್ಗೆ ಅವನ್ನು ತೆಗೆದು ಹೊಸವನ್ನು ತುಂಬಬೇಕು. ಇಷ್ಟನ್ನು ಮಾಡಿದವರಿಗೆ ಉಳಿದ ಉಪಾಯಗಳಲ್ಲಿ ಅರ್ಧ ಬೇಕಾಗುವುದೇ ಇಲ್ಲ.

ಮುಚ್ಚಳವನ್ನು ತೆರೆಯುವುದರ ಬಗ್ಗೆ ಮನೆಗಳಲ್ಲಿ ನಡೆಯುವ ಜಗಳಗಳನ್ನು ನಾನು ಬಲ್ಲೆ. ಮಕ್ಕಳು ಪೆಟ್ಟಿಗೆಯ ಹತ್ತಿರ ಸುಳಿದರೆ ಸಾಕು, ಹಿರಿಯರು ಗದರುತ್ತಾರೆ. ನಿಜವಾಗಿ ನೋಡಿದರೆ ಪಕ್ಕನೆ ತೆರೆದು ಮುಚ್ಚುವುದರಿಂದ ಒಳಹೋಗುವ ಬಿಸಿಗಾಳಿಯು ಕರಗಿಸುವುದು ಒಂದೆರಡು ಚಮಚೆಯಷ್ಟು ಮಾತ್ರ. ಗಾಳಿಯು ಬಹಳ ಹಗುರಾದ ವಸ್ತು. ದಾರಿಯಲ್ಲಿ ಕೊಂಡ ಅರ್ಧ ಲೀಟರಿನ ಬೆಚ್ಚನೆಯ ಸೋಡಾ ಸೀಸೆಯೊಂದನ್ನು ತಣ್ಣಗಾಗಲೆಂದು ಒಳಕ್ಕೆ ತೂರಿಸಿದರೆ ಸುಮಾರು 190 ಗ್ರಾಂ ಕರಗುತ್ತದೆ. ಮಕ್ಕಳನ್ನು ಗದರಿದ ಹಿರಿಯರೇ ಈ ಕೆಲಸವನ್ನು ಮಾಡುವುದುಂಟು! ಆದರೆ ಮುಚ್ಚಳವನ್ನು ಎತ್ತಿಹಿಡಿದು, ಯಾವುದು ಎಲ್ಲಿದೆಯೆಂದು ಬಹಳ ಹೊತ್ತು ತಡಕಾಡುವುದು ಬೇರೆ ಮಾತು. ಅದಕ್ಕಾಗಿ, ಮೊದಲು ಬೇಕಾಗುವುದನ್ನು ಮೇಲಕ್ಕೆ ಇಡಬೇಕು. ಸಾಧ್ಯವಾದರೆ ಕುಡಿಯುವ ನೀರಿಗೆ ಒಂದು ಪೆಟ್ಟಿಗೆ, ಔಷಧ ಹಾಲುಗಳಿಗೆ ಇನ್ನೊಂದು ಎಂದು ಬೇರೆ ಮಾಡಬೇಕು. ಥರ್ಮಾಕೋಲಿನ ಮುಚ್ಚಳವು ಬಿಗಿಯಾಗಿ ಕೂಡುವುದು ಅಪರೂಪ. ಆ ಸಂದಿನಿಂದ ಗಾಳಿಯು ಹೊತ್ತೆಲ್ಲ ಆಡುತ್ತಿದ್ದರೆ ನಷ್ಟವು ದೊಡ್ಡದೇ. ಅಂಗಡಿಯಲ್ಲಿ ಸಿಗುವ ಅಗಲವಾದ ಅಂಟುಪಟ್ಟಿಯನ್ನು ಸುತ್ತಲೂ ಹಚ್ಚಿಬಿಡಬೇಕು.

ತಣ್ಣನೆಯ ಗಾಳಿಯು ಭಾರವಾಗಿ ಕೆಳಕ್ಕಿಳಿಯುವುದರಿಂದ ಗಡ್ಡೆಗಳನ್ನು ತಳದಲ್ಲಿ ಮಾತ್ರವಲ್ಲದೆ ಮೇಲುಗಡೆಯೂ ಇಡತಕ್ಕದ್ದು. ಪೆಟ್ಟಿಗೆಯ ಅರ್ಧಭಾಗವಾದರೂ ಮಂಜುಗಡ್ಡೆಗೆ ಮೀಸಲಾಗಬೇಕೆಂಬುದು ನನ್ನ ಅಭಿಪ್ರಾಯ. ಜಿಪುಣತನವು ಇಲ್ಲಿ ಸಲ್ಲದು. ಉಳಿದ ಸಂದುಗಳಿಗೆ ಒಣ ಬಟ್ಟೆಯನ್ನೋ ಮುದುಡಿದ ವೃತ್ತಪತ್ರಿಕೆಯನ್ನೋ ತುಂಬಿದರೆ ಗಾಳಿಯ ಓಡಾಟ ನಿಲ್ಲುತ್ತದೆ. ಕರಗಿದ ನೀರನ್ನು ಆಗಾಗ ಚೆಲ್ಲಬೇಕೇ ಎಂದು ಕೇಳುವವರುಂಟು. ಗಡ್ಡೆಯು ತೇಲುತ್ತಿರುವವರೆಗೆ ಆ ನೀರೂ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿಯೇ ಇರುತ್ತದೆ. ಅದನ್ನು ಚೆಲ್ಲಲು ಮುಚ್ಚಳ ತೆರೆದು ಬಿಸಿಗಾಳಿಗೆ ಜಾಗ ಮಾಡಿಕೊಡುವುದರಲ್ಲಿ ಅರ್ಥವಿಲ್ಲ. ತಿಂಡಿಯ ಡಬ್ಬಿಗಳು ಮುಳುಗುವಂತಿದ್ದರೆ ಮಾತ್ರ ಚೆಲ್ಲಿ.

ಪೆಟ್ಟಿಗೆಯನ್ನು ಇಡುವ ಸ್ಥಳವೂ ಮುಖ್ಯ. ಬಿಸಿಲಿನಲ್ಲಿ ನಿಲ್ಲಿಸಿ ಕಿಟಕಿಗಳನ್ನು ಮುಚ್ಚಿದ ಮೋಟಾರಿನ ಒಳಭಾಗವು ಹೊರಗಿಗಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಅದರ ಹಿಂಬದಿಯ ಗೂಡಂತೂ ಒಲೆಯೇ. ಊಟಕ್ಕೆ ಇಳಿದಾಗ ಪೆಟ್ಟಿಗೆಯನ್ನೂ ಜೊತೆಯಲ್ಲಿ ಇಳಿಸಿ ಮರದ ನೆರಳಿಗೆ ಒಯ್ಯುವುದು ಲೇಸು. ಕಾದ ತಗಡಿನ ಮೇಲೆ ನೇರವಾಗಿ ಇಡದೆ ಕೆಳಗೊಂದು ಮಣೆಯನ್ನೋ ಮಡಿಸಿದ ಗೋಣಿಯನ್ನೋ ಹಾಕಬೇಕು. ಬಯಲುಸೀಮೆಯ ಒಣ ಹವೆಯಲ್ಲಿ, ಗಾಳಿಯಾಡುವ ಕಡೆ ಪೆಟ್ಟಿಗೆಯನ್ನು ಇಟ್ಟಿದ್ದರೆ, ಕಂಬಳಿಗೆ ಬದಲಾಗಿ ತೊಯ್ದ ಗೋಣಿಯನ್ನು ಹೊದಿಸಿ ಆಗಾಗ ನೀರು ಚಿಮುಕಿಸುವುದೂ ಒಳ್ಳೆಯದೇ. ನೀರು ಆವಿಯಾಗುವಾಗ ಸುತ್ತಣ ಉಷ್ಣವನ್ನು ಹೀರುತ್ತದೆ, ಹೂಜಿಯ ನೀರು ತಣ್ಣಗಾಗುವಂತೆ. ಘಟ್ಟವನ್ನಿಳಿದು ಕರಾವಳಿಗೆ ಬಂದ ಮೇಲೆ ಇದರಿಂದ ಹೆಚ್ಚು ಫಲವಿಲ್ಲ. ಅಲ್ಲಿಯ ಹವೆಯಲ್ಲಿ ಆಗಲೇ ತುಂಬಿರುವ ತೇವವು ಆವಿಯಾಗುವುದಕ್ಕೆ ಎಡೆಗೊಡದು. ಕಂಬಳಿಯನ್ನಾದರೋ ಎಂದಿಗೂ ತೋಯಿಸಬಾರದು. ಅದರ ಶಕ್ತಿಯೆಲ್ಲವೂ ಎಳೆಗಳ ನಡುವಿನ ಗಾಳಿಯಲ್ಲಿದೆ. ಗಾಳಿಯಿದ್ದಲ್ಲಿ ನೀರು ಸೇರಿದರೆ ಉಷ್ಣಕ್ಕೆ ದಾರಿ ಬಿಟ್ಟಂತಾಯಿತು.

ಇನ್ನು ಔಷಧದ ಮಾತು. ಹಾಲು ಒಡೆದರೆ ಬೇರೆ ಹಾಲನ್ನು ಕೊಳ್ಳಬಹುದು. ಇನ್ಸುಲಿನ್ನಿನ ವಿಷಯದಲ್ಲಿ ಅತಿಶೈತ್ಯವೂ ಅತ್ಯುಷ್ಣದಷ್ಟೇ ಕೆಡುಕು. ತೆರೆಯದಿರುವ ಸೀಸೆಗಳು 2ರಿಂದ 8 ಡಿಗ್ರಿಗಳೊಳಗೆ ಇರಬೇಕು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ನು ಕರಗಿದ ಮೇಲೆ ಕಣ್ಣಿಗೆ ಮೊದಲಿನಂತೆಯೇ ಕಂಡರೂ ಅದನ್ನು ನಂಬಿ ಬಳಸಕೂಡದು, ಎಸೆಯಬೇಕು. ಪತ್ರ ಬರೆದ ಗೃಹಿಣಿಯು ಅದನ್ನು ಚುಚ್ಚದೆ ಬಿಟ್ಟು, ಹೊಸದನ್ನು ಹುಡುಕಿಸಿದುದು ಬಹಳ ವಿವೇಕದ ಕೆಲಸ. ಫ್ರೀಜರಿನಿಂದ ಆಗತಾನೆ ತೆಗೆದ ಗಡ್ಡೆಯು ಸೊನ್ನೆ ಡಿಗ್ರಿಯಲ್ಲಿರುವುದಿಲ್ಲ. ಸೊನ್ನೆಗಿಂತ ಕೆಳಗೆ ಹದಿನೆಂಟು ಡಿಗ್ರಿಯವರೆಗೂ ಇರುತ್ತದೆ. ಅದಕ್ಕೆ ತಾಕಿದ ಔಷಧವು ಹೆಪ್ಪುಗಟ್ಟದೆ ಇನ್ನೇನು?

ಇದಕ್ಕೆ ಪರಿಹಾರವನ್ನು ಲಸಿಕೆ ಹಾಕಲು ಹಳ್ಳಿಹಳ್ಳಿಗೆ ಹೋಗುವ ನಮ್ಮ ಆರೋಗ್ಯ ಸಹಾಯಕಿಯರಿಂದ ಕಲಿಯಬಹುದು. ಅವರ ಹೆಗಲಿನಿಂದ ತೂಗುವ ಚಿಕ್ಕ ಪೆಟ್ಟಿಗೆಯಲ್ಲಿ ನಾಲ್ಕು ಗೋಡೆಗಳಿಗೂ ಒಂದೊಂದು ಮಂಜುಗಡ್ಡೆಯ ಚಪ್ಪಟೆ ಡಬ್ಬಿಯಿರುತ್ತದೆ. ನಡುವೆ ಲಸಿಕೆಯ ಸೀಸೆಗಳು. ಹೆಪ್ಪುಗಟ್ಟಿದರೆ ಕೆಡುವಂಥ ಲಸಿಕೆಗಳೂ ಅವುಗಳಲ್ಲಿರುವುದರಿಂದ, ಡಬ್ಬಿಗಳನ್ನು ಫ್ರೀಜರಿನಿಂದ ತೆಗೆದ ಕೂಡಲೇ ಪೆಟ್ಟಿಗೆಗೆ ಇಡುವುದಿಲ್ಲ. ಮೇಜಿನ ಮೇಲೆ ಹರಡಿ, ಮೈಯೆಲ್ಲ ಬೆವರುವವರೆಗೆ ಬಿಟ್ಟು, ಕಿವಿಯ ಹತ್ತಿರ ಹಿಡಿದು ಅಲುಗಿಸಿ ನೋಡುತ್ತಾರೆ. ಒಳಗೆ ಸ್ವಲ್ಪ ನೀರು ಕುಲುಕುವ ಸದ್ದು ಕೇಳಿದರೆ ಆಗ ಇಡುತ್ತಾರೆ. ಗಡ್ಡೆಯೂ ನೀರೂ ಒಟ್ಟಿಗಿರುವಾಗ ಅದರ ಶೈತ್ಯವು ಸೊನ್ನೆಗಿಂತ ಕೆಳಕ್ಕೆ ಹೋಗಲಾರದೆಂಬುದೇ ಇದರ ಮರ್ಮ. ಎಷ್ಟು ಸುಲಭವಾದ ಪರೀಕ್ಷೆ! ಉಷ್ಣಮಾಪಕವೂ ಬೇಡ, ಕಿವಿಯೊಂದಿದ್ದರೆ ಸಾಕು. ಬಿಸಿಗೆ ಎಲ್ಲಕ್ಕಿಂತ ಬೇಗ ಕೆಡುವ ಪೋಲಿಯೋ ಹನಿಗಳನ್ನು ಮರುಭೂಮಿಗೂ ದ್ವೀಪಗಳಿಗೂ ಹೊತ್ತೊಯ್ದವು ಇಂಥ ಪೆಟ್ಟಿಗೆಗಳೇ. ನಮ್ಮ ದೇಶದಲ್ಲಿ ಆ ರೋಗದ ಕೊನೆಯ ಪ್ರಕರಣವು 2011ರ ಜನವರಿಯಲ್ಲಿ ಕಂಡು, 2014ರ ಮಾರ್ಚಿನಲ್ಲಿ ದೇಶವು ಅದರಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಾರಿತು.

ಮನೆಯಲ್ಲಿ ಹೀಗೆ ಮಾಡಬಹುದು. ಇನ್ಸುಲಿನ್ ಸೀಸೆಗಳನ್ನು ಬಟ್ಟೆಯಲ್ಲಿ ಸುತ್ತಿ, ಬಿಗಿಯಾದ ಮುಚ್ಚಳವುಳ್ಳ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ಅದರ ಸುತ್ತ ಫ್ರಿಜ್ಜಿನಲ್ಲಿ ತಣಿದ ನೀರಿನ ಸೀಸೆಗಳನ್ನು ನಿಲ್ಲಿಸಿ, ಅವುಗಳಾಚೆಗೆ, ಅಲುಗಿಸಿದರೆ ಸದ್ದಾಗುವಷ್ಟು ಕರಗಿದ ಗಡ್ಡೆಯ ಸೀಸೆಗಳನ್ನು ಇಡುವುದು. ಔಷಧಕ್ಕೂ ಗಡ್ಡೆಗೂ ನೇರ ಸಂಪರ್ಕವಾಗಬಾರದು. ಈಗ ಬಳಸುತ್ತಿರುವ ಸೀಸೆಯನ್ನು ಇಷ್ಟು ಶೈತ್ಯದಲ್ಲಿ ಇಡಲೇಬೇಕೆಂದಿಲ್ಲ. ಕೆಲವು ವಾರಗಳ ಕಾಲ ಹೊರಗಿಡಬಹುದಾದವು ಬಹಳ. ಆದರೆ ಹೊರಗೆಂದರೆ ತಂಪಾದ ಕೋಣೆಯೇ ಹೊರತು ವೈಶಾಖದ ಕಲಬುರಗಿಯಲ್ಲ. ಎಷ್ಟು ದಿನ, ಎಷ್ಟು ಬಿಸಿಯವರೆಗೆ ಎಂಬುದು ಔಷಧದಿಂದ ಔಷಧಕ್ಕೆ ಬೇರೆಯಾಗುವುದರಿಂದ ಡಬ್ಬಿಯೊಡನೆ ಬರುವ ಕಾಗದವನ್ನು ಓದಿ, ವೈದ್ಯರನ್ನೂ ಕೇಳಿ ನಡೆಯತಕ್ಕದ್ದು. ಸೀಸೆಗಳನ್ನೆಲ್ಲ ಒಂದೇ ಪೆಟ್ಟಿಗೆಯಲ್ಲಿಡದೆ ಒಂದನ್ನು ಬೇರೆ ಕಡೆ ಇಟ್ಟಿರುವುದೂ ಮರೆಯಬಾರದ ಮಾತು.

ಉಪ್ಪನ್ನು ಬೆರೆಸಿದರೆ ಹೆಚ್ಚು ತಣ್ಣಗಾಗುವುದಲ್ಲವೇ ಎಂದು ಕೆಲವರು ಕೇಳಬಹುದು. ಕುಲ್ಫಿ ಮಾಡುವವರು ಗಡ್ಡೆಯ ಪುಡಿಗೆ ಉಪ್ಪನ್ನು ಹಾಕುವುದನ್ನು ಎಲ್ಲರೂ ಕಂಡಿದ್ದಾರೆ. ತಣ್ಣಗಾಗುವುದೇನೋ ನಿಜ, ಆದರೆ ಉಪ್ಪು ಮಾಡುವ ಕೆಲಸವು ಗಡ್ಡೆಯನ್ನು ಬೇಗ ಕರಗಿಸುವುದೇ. ಬೇಗನೆ ಹೆಪ್ಪುಗಟ್ಟಿಸಬೇಕಾದವರಿಗೆ ಅದು ಬೇಕು, ಬಹಳ ಹೊತ್ತು ಉಳಿಸಬೇಕಾದ ನಮಗೆ ಬೇಡ. ಇನ್ಸುಲಿನ್ನಿನ ಪೆಟ್ಟಿಗೆಯಲ್ಲಂತೂ ಅನರ್ಥವೇ. ಹಾಗೆಯೇ ಮಲ್ಪೆಯಲ್ಲಿಯೋ ಮಂಗಳೂರಿನ ಬಂದರಿನಲ್ಲಿಯೋ ಮೀನುಗಾರರು ಗಡ್ಡೆಯನ್ನು ಪುಡಿಮಾಡಿ ಮೀನಿನ ಮೇಲೆ ಹರಡುವುದನ್ನು ನೋಡಿ, ನಾವೂ ಪುಡಿಮಾಡೋಣವೆಂದುಕೊಳ್ಳಬಾರದು. ಆಗತಾನೆ ಹಿಡಿದ ಮೀನಿನ ಮೈಗೆಲ್ಲ ಗಡ್ಡೆಯು ತಾಕಿ ತಟ್ಟನೆ ತಣಿಯಬೇಕೆಂಬುದು ಅವರ ಉದ್ದೇಶ. ಕರಗಿದಷ್ಟಕ್ಕೂ ಹೊಸದನ್ನು ಹಾಕುವ ಅನುಕೂಲವೂ ಅವರಿಗುಂಟು.

ಹಿಂದಿರುಗುವಾಗ ಮನೆಯ ಫ್ರೀಜರು ದೊರೆಯದಿದ್ದರೆ ಊರೂರಿನ ಐಸ್ ಕಾರ್ಖಾನೆಗಳಲ್ಲಿ ಸಿಗುವ ದೊಡ್ಡ ಗಡ್ಡೆಯನ್ನು ಕೊಳ್ಳಬಹುದು. ಬಾಳಿಕೆಯ ದೃಷ್ಟಿಯಿಂದ ಅದೇ ಉತ್ತಮ. ಪೆಟ್ಟಿಗೆಗೆ ಹಿಡಿಯುವಷ್ಟು ದೊಡ್ಡದಾಗಿಯೇ ಕೊಯ್ಯಿಸಿಕೊಳ್ಳಿ. ಆದರೆ ಮೀನಿಗೂ ಸಾಗಾಣಿಕೆಗೂ ಮಾಡಿದ ಆ ಗಡ್ಡೆಗಳ ನೀರು ಕುಡಿಯತಕ್ಕದ್ದೆಂದು ನಂಬಲಾಗದು. ಅದನ್ನು ಒಂದು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿಯನ್ನು ಬಿಗಿದು ಪೆಟ್ಟಿಗೆಯಲ್ಲಿಡಿ. ಮಗುವಿನ ಹಾಲಿನ ಸೀಸೆಯ ಬಾಯಿಗೆ ಆ ನೀರು ಸೋಂಕದಂತೆ ನೋಡಿಕೊಳ್ಳಿ. ಊರು ಸೇರಿದ ಮೇಲೆ ಪೆಟ್ಟಿಗೆಯನ್ನು ಸೋಪಿನ ನೀರಿನಿಂದ ತೊಳೆದು, ಮುಚ್ಚಳವನ್ನು ತೆರೆದಿಟ್ಟೇ ನೆರಳಿನಲ್ಲಿ ಒಣಗಿಸಿ. ಮುಚ್ಚಿಟ್ಟರೆ ಮುಂದಿನ ಯಾತ್ರೆಯವರೆಗೂ ಮುಗ್ಗಲುವಾಸನೆ ಹೋಗುವುದಿಲ್ಲ.